ವರ್ನಾ ನಂಬದ ಮಾತುಗಳು

ವರ್ನಾ ಕುಬಿಯಾಕ್ ಯಾರ ಮಾತನ್ನೂ ಮೊದಲ ಸಲಕ್ಕೇ ನಂಬಿದವಳಲ್ಲ. ಬೇಕರಿಯ ಹುಡುಗಿ ಈಗಷ್ಟೇ ಮಾಡಿದ್ದು ಎಂದರೆ ಡೋನಟ್ಟನ್ನು ಬೆರಳಿನಿಂದ ಒತ್ತಿ ನೋಡುತ್ತಾಳೆ. ಟೀವಿಯವರು ಹಿಮ ಬೀಳುವುದಿಲ್ಲ ಎಂದ ದಿನವೇ ಸಲಿಕೆಯನ್ನು ಬಾಗಿಲ ಪಕ್ಕ ತಂದು ನಿಲ್ಲಿಸುತ್ತಾಳೆ. ನಾವಿಬ್ಬರೂ ಓಹಾಯೊದ ವೆಲ್ಬಿಯಲ್ಲಿ ಶಾಲೆಯ ಬಸ್ಸು ಓಡಿಸುವವರು. ಯಾರ್ಡಿನಲ್ಲಿ ಅವಳ ಬಸ್ಸು ನನ್ನ ಬಸ್ಸಿನ ಪಕ್ಕದಲ್ಲೇ ನಿಲ್ಲುತ್ತದೆ. ಮೊದಲ ದಿನ ನಾನು "ಜೋನಿ" ಎಂದು ಕೈ ಚಾಚಿದಾಗ, "ಅದು ನಿನ್ನ ನಿಜವಾದ ಹೆಸರಾ, ಕರೆಯೋ ಹೆಸರಾ?" ಎಂದು ಕೇಳಿದವಳು ಅವಳು.

ಆ ಸ್ವಭಾವ ಸುಮ್ಮನೆ ಬಂದದ್ದಲ್ಲ. ಬಸ್ಸಿಗೆ ಬರುವ ಮೊದಲು ಅವಳು ಕೌಂಟಿಯ ತುರ್ತು ಫೋನಿನ ಕೋಣೆಯಲ್ಲಿ ಇಡೀ ನೌಕರಿ ಕಳೆದವಳು. ಒಮ್ಮೆ ಯಾವಳೋ ಹೆಂಗಸು ಫೋನ್ ಮಾಡಿ, ನಗುನಗುತ್ತಲೇ, "ಶುಕ್ರವಾರ ಹೇರ್‌ಕಟ್‌ಗೆ ಬರೋಕಾಗಲ್ಲ, ಕ್ಯಾನ್ಸಲ್ ಮಾಡ್ಬಿಡಿ" ಎಂದಳಂತೆ. ಪಕ್ಕದ ಕುರ್ಚಿಯ ಹೊಸಬಳು ರಾಂಗ್ ನಂಬರ್ ಎಂದುಕೊಂಡಳು. ವರ್ನಾ ಮಾತ್ರ ದನಿ ತಗ್ಗಿಸಿ, "ನಿಮ್ಮ ಪಕ್ಕದಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದಳು. "ಹೌದು, ಅದೇ ದಿನ" ಎಂದಿತು ಆ ಕಡೆಯ ದನಿ. ಪೊಲೀಸರು ಆ ಮನೆಯ ಬಾಗಿಲು ಒಡೆದು ಒಳಗೆ ಹೋದಾಗ ಗಂಡ ಬಂದೂಕು ಹಿಡಿದು ಕೂತಿದ್ದ. ಮಾತು ಮೇಲೊಂದು, ಒಳಗೊಂದು ಎನ್ನುವುದು ಅಂದಿನಿಂದ ಅವಳ ರಕ್ತಕ್ಕೇ ಇಳಿದುಬಿಟ್ಟಿತ್ತು.

ಅಂಥ ಕಿವಿಯವಳನ್ನು ತಂದು ಹನ್ನೆರಡು ಹದಿಮೂರು ವರ್ಷದ ಮಕ್ಕಳ ಬಸ್ಸಿನಲ್ಲಿ ಕೂರಿಸಿದರೆ ಏನಾಗಬೇಡ!

ಶಾಲೆ ಶುರುವಾದ ಹೊಸತರಲ್ಲೇ ಒಂದು ಬೆಳಿಗ್ಗೆ ಅವಳು ಬಸ್ಸನ್ನು ರಸ್ತೆ ಬದಿಗೆ ತಂದು ಗಕ್ಕನೆ ನಿಲ್ಲಿಸಿದಳು. ಅವಳ ಬೆನ್ನ ಹಿಂದೆ ಕೇಳಿಸಿದ್ದು ಇಷ್ಟು:

"ಇವತ್ತಿನ ಟೆಸ್ಟಲ್ಲಿ ನಾನು ಬೆಂದೋದೆ ಬ್ರೋ."

"ನೀನು ಬೆಂದ್ರೆ ನಾನು ಸುಟ್ಟು ಬೂದಿ ಕಣೋ."

"ಅಯ್ಯೋ ಸತ್ತೆ! ಸತ್ತೇ ಹೋದೆ! ಯಾರಾದ್ರೂ ನನ್ನ ಹೆಣ ಎತ್ಕೊಂಡ್ಹೋಗ್ರಪ್ಪಾ!"

ಕೊನೆಯ ಮಾತು ಟೇಗನ್‌ಳದು. ಹಲ್ಲಿಗೆ ತಂತಿ ಹಾಕಿಸಿಕೊಂಡ, ಏಳನೇ ಕ್ಲಾಸಿನ ಹುಡುಗಿ. ಡ್ರೈವರಿನ ಹಿಂದಿನ ಸೀಟು ಅವಳದೇ ಎಂದು ಇಡೀ ಬಸ್ಸು ಒಪ್ಪಿಕೊಂಡಿತ್ತು. ಹೊಸ ಪದ ಯಾವುದೇ ಬಂದರೂ ಮೊದಲು ಅವಳ ಬಾಯಿಗೆ ಬಂದು, ಆಮೇಲೆ ಹಿಂದಿನ ಸೀಟುಗಳಿಗೆ ಹೋಗುತ್ತಿತ್ತು.

"ಯಾರು ಸಾಯ್ತಿರೋದು?" ವರ್ನಾ ಎದ್ದು ನಿಂತು ಕೇಳಿದಳು.

"ಯಾರೂ ಇಲ್ಲ ಮಿಸ್ ವರ್ನಾ. ನಗು ಬಂತು ಅಂತ."

"ನಗು ಬಂದ್ರೆ ನಗಬೇಕು. ಸಾಯೋದ್ಯಾಕೆ?"

ಇಡೀ ಬಸ್ಸು ಇನ್ನೊಂದು ಸಲ ಸತ್ತಿತು.

ಇನ್ನೊಂದು ದಿನ ಯಾವನೋ, "ಟೇಗನ್ ತಿಂದಾಕ್ಬಿಟ್ಲು, ಒಂದು ಚೂರೂ ಬಿಡ್ಲಿಲ್ಲ" ಎಂದ. ತನ್ನ ಬಸ್ಸಿನಲ್ಲಿ ತಿಂಡಿ ತಿನ್ನುವಂತಿಲ್ಲ ಎಂದು ವರ್ನಾ ಗದರಿದಳು. ಹುಡುಗಿ ಶಾಲೆಯ ಕಾರ್ಯಕ್ರಮದಲ್ಲಿ ಚೆನ್ನಾಗಿ ಕುಣಿದಳು ಎಂದಷ್ಟೇ ಅದರ ಅರ್ಥವಂತೆ. ವರ್ನಾ ಹೂಂಗುಟ್ಟಿದಳು. ಶಾಲೆ ತಲುಪಿದ ಮೇಲೆ ಟೇಗನ್‌ಳ ಸೀಟಿನ ಕೆಳಗೆ ಬಗ್ಗಿ ಚಿಪ್ಸಿನ ಚೂರೇನಾದರೂ ಬಿದ್ದಿದೆಯೇ ಎಂದು ನೋಡಿಯೂ ನೋಡಿದಳು.

ಅವಳ ನಿದ್ದೆಗೆಡಿಸಿದ್ದು 'ಆರು ಏಳು'. ಮಕ್ಕಳು ಎರಡೂ ಅಂಗೈ ಮೇಲೆ ಮಾಡಿ, ತಕ್ಕಡಿಯಂತೆ ಆಡಿಸುತ್ತಾ, "ಆರೂ... ಏಳೂ..." ಎಂದು ಕೂಗುವರು, ಬಿದ್ದು ಬಿದ್ದು ನಗುವರು. ಯಾಕೆ ಎಂದು ಕೇಳಿದರೆ, "ಅದಕ್ಕೇನೂ ಅರ್ಥ ಇಲ್ಲ ಮಿಸ್ ವರ್ನಾ, ಅದೇ ಮಜಾ" ಎನ್ನುವರು.

"ಅರ್ಥ ಇಲ್ದೇ ಇರೋದನ್ನ ಯಾರಾದ್ರೂ ದಿನಾ ಹೇಳ್ತಾರಾ?" ಎಂದಳು ನನ್ನ ಹತ್ತಿರ, ಯಾರ್ಡಿನಲ್ಲಿ ಕಾಫಿ ಕುಡಿಯುತ್ತಾ. "ಏನೋ ಇದೆ ಕಣೇ. ಮನೆ ನಂಬರ್ ಇರಬಹುದು. ಟೈಮ್ ಇರಬಹುದು."

"ನನ್ನ ತಂಗಿ ಮಗಳೂ ಹಾಗೇ ಅಂತಾಳೆ. ಏನೂ ಇಲ್ಲ ಬಿಡೇ."

"ನಿನ್ನ ತಂಗಿ ಮಗಳೂ ಸೇರ್ಕೊಂಡಿದಾಳೆ ಅಂದ್ಮೇಲೆ ಇದು ದೊಡ್ಡದೇ."

ಅವತ್ತು ಅವಳು ಆರನೇ ಮತ್ತು ಏಳನೇ ಸಾಲಿನ ಸೀಟುಗಳನ್ನು ಕಿತ್ತು ನೋಡುವುದೊಂದು ಬಾಕಿ. ಒಣಗಿದ ಚೂಯಿಂಗ್ ಗಮ್, ಯಾರದೋ ಒಂಟಿ ಕೈಗವಸು ಸಿಕ್ಕಿದವು. ಆ ಕೈಗವಸನ್ನೂ ಒಳಗೆ ಹೊರಗೆ ತಿರುವಿ ನೋಡಿದಳು.

ನಾನು ಇದನ್ನೆಲ್ಲ ತಮಾಷೆಯಾಗಿಯೇ ತೆಗೆದುಕೊಂಡಿದ್ದೆ. ತಮಾಷೆ ನಿಂತದ್ದು ಡಿಸೆಂಬರಿನಲ್ಲಿ.

ರೈಲನ್ ಎಂಬ ಹುಡುಗನಿದ್ದ. ಉದ್ದ ಕಾಲು, ಕಣ್ಣಿನ ಮೇಲೆ ಬೀಳುವ ಕೂದಲು, ಅಮ್ಮನ ಜೊತೆ ಬಡವರ ಚಕ್ರದ ಮನೆ, ಟ್ರೇಲರಿನಲ್ಲಿ ವಾಸ. ಒಂದು ಬೆಳಿಗ್ಗೆ ಅವನು ತನ್ನ ಚೀಲವನ್ನು ಎದೆಗವಚಿಕೊಂಡು ಹತ್ತಿ, ಪಕ್ಕದ ಗೆಳೆಯನ ಕಿವಿಯಲ್ಲಿ ಪಿಸುಗುಟ್ಟಿದ. ಪಿಸುಮಾತು ಕೇಳುವುದೇ ನೌಕರಿಯಾಗಿದ್ದವಳ ಕಿವಿಗೆ ಅದು ನೇರವಾಗಿ ಬಿತ್ತು.

"ಬ್ಯಾಗಲ್ಲಿದೆ. ಯಾರಿಗೂ ಹೇಳ್ಬೇಡ. ಮನೇಲಿ ನಾನೇ ಕೂತು ಬೇಯಿಸ್ದೆ ಬ್ರೋ. ಅಮ್ಮಂಗೂ ಗೊತ್ತಿಲ್ಲ. ಗ್ಯಾಸ್ ಅಂದ್ರೆ ಗ್ಯಾಸ್, ನೋ ಕ್ಯಾಪ್."

ಈ ಕಡೆಯ ಟ್ರೇಲರ್‌ಗಳಲ್ಲಿ ಜನ ಏನು ಬೇಯಿಸುತ್ತಾರೆ ಎಂದು ಫೋನಿನ ಕೋಣೆಯಲ್ಲಿ ಕೂತವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಲೆಯ ಮೇಲೆ ಮಾದಕದ್ರವ್ಯ ಬೇಯಿಸಿ ಮುಖ ಸುಟ್ಟುಕೊಂಡವರ ಚೀರಾಟ ಅವಳು ಕೇಳಿದ್ದಳು. ಕ್ಯಾಪ್ ಎಂದರೆ ಕ್ಯಾಪ್ಸೂಲ್. ಗ್ಯಾಸ್ ಎಂದರೆ ಗ್ಯಾಸು. ಅವಳು ಶಾಲೆಗೆ ರೇಡಿಯೊ ಮಾಡಿದಳು. ಬಸ್ಸು ನಿಂತಾಗ ಉಪಪ್ರಾಂಶುಪಾಲ ಓಡಮ್ ಮತ್ತು ಶಾಲೆಯ ಪೊಲೀಸ್ ಅಧಿಕಾರಿ ಬಾಗಿಲಲ್ಲೇ ಕಾಯುತ್ತಿದ್ದರು.

ಎಲ್ಲ ಮಕ್ಕಳೂ ಆಫೀಸಿನ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಾಗ ರೈಲನ್‌ನ ಚೀಲ ತೆರೆದರು. ಅಧಿಕಾರಿ ಕೈಗೆ ಗವಸು ಹಾಕಿಕೊಂಡು, ಟಿಶ್ಯೂ ಕಾಗದದಲ್ಲಿ ಸುತ್ತಿದ್ದ ಒಂದು ಪೊಟ್ಟಣವನ್ನು ಮೇಲೆತ್ತಿ ಬಿಚ್ಚಿದ. ಒಳಗಿದ್ದದ್ದು ನೇರಳೆ ಬಣ್ಣದ ಉಲ್ಲನ್ ಕಪ್ಪೆ. ಕ್ರೋಶಾ ಕಡ್ಡಿಯಿಂದ ಹೆಣೆದದ್ದು. ಒಂದು ಕಣ್ಣು ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಾಗಿತ್ತು. ಮರುದಿನ ಟೇಗನ್‌ಳ ಹುಟ್ಟುಹಬ್ಬವಂತೆ.

ರೈಲನ್ ಹೆಣೆಯುತ್ತಾನೆ ಎನ್ನುವುದು ಅವನ ಒಬ್ಬನೇ ಗೆಳೆಯನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಈಗ ಊರಿಗೆಲ್ಲ ಗೊತ್ತಾಯಿತು. ಗಾಜಿನ ಆಚೆ ನಗು ಶುರುವಾದಾಗ, ಟೇಗನ್ ಗುಂಪನ್ನು ತಳ್ಳಿಕೊಂಡು ಒಳಗೆ ಬಂದಳು. ಮೇಜಿನ ಮೇಲಿದ್ದ ಕಪ್ಪೆಯನ್ನು ತೆಗೆದು ತನ್ನ ಬ್ಯಾಗಿನ ಜಿಪ್ಪಿಗೆ ಸಿಕ್ಕಿಸಿಕೊಂಡಳು. "ನನ್ನ ಗಿಫ್ಟ್ ಅಲ್ವಾ? ಮತ್ತೆ ಇವ್ರ ಕೈಯಲ್ಲಿ ಯಾಕಿದೆ?" ಎಂದು ಹೇಳಿ ಕ್ಲಾಸಿಗೆ ಹೋದಳು.

ಮಧ್ಯಾಹ್ನ ರೈಲನ್‌ನ ಅಮ್ಮ ಯಾರ್ಡಿಗೇ ಬಂದಳು. ನರ್ಸಿಂಗ್ ಹೋಮಿನ ಸಮವಸ್ತ್ರದಲ್ಲೇ ಇದ್ದಳು.

"ರೀ, ನನ್ನ ಮಗ ದಾರದಲ್ಲಿ ಕಪ್ಪೆ ಮಾಡ್ತಾನೆ. ಅದು ಅಪರಾಧನಾ?"

"ಬೇಯಿಸ್ದೆ ಅಂದ ಕಣಮ್ಮಾ. ನನ್ನ ಕಿವಿಯಾರೆ ಕೇಳಿದೆ."

"ಟ್ರೇಲರಿನವರು ಅಂದ್ರೆ ಅದನ್ನೇ ಬೇಯಿಸೋದು ಅಂತ ನಿಮಗೆ ಮೊದಲೇ ಗೊತ್ತಿತ್ತು. ಅದಕ್ಕೇ ಹಾಗೆ ಕೇಳಿಸ್ತು."

ವರ್ನಾ ತನ್ನ ಬಸ್ಸಿನ ಕಡೆ ತಿರುಗಿದಳು.

ಓಡಮ್ ಅವಳನ್ನು ಕೂರಿಸಿಕೊಂಡು ತಿಳಿಹೇಳಿದ. "ವರ್ನಾ ಅವ್ರೆ, ಬೇಯಿಸಿದೆ ಅಂದ್ರೆ ಸಖತ್ತಾಗಿ ಮಾಡಿದೆ ಅಂತ. ಗ್ಯಾಸ್ ಅಂದ್ರೆ ಸೂಪರ್. ನೋ ಕ್ಯಾಪ್ ಅಂದ್ರೆ ಸುಳ್ಳಲ್ಲ ಅಂತ. ನನ್ನ ಮಗಳು ಹೇಳಿದ್ಲು."

"ಬೆಂದೋದೆ ಅಂದ್ರೆ ಕಥೆ ಮುಗೀತು ಅಂತ ಮಕ್ಕಳೇ ಹೇಳಿದ್ರು."

"ಬೆಂದ್ರೆ ಮುಗೀತು. ಬೇಯಿಸಿದ್ರೆ ಗೆದ್ದ."

"ನಿಮ್ಮ ಮಗಳು ಹೇಳಿದ್ದು ನಿಜ ಅಂತ ಏನು ಗ್ಯಾರಂಟಿ?"

ಓಡಮ್ ಹಣೆ ಒತ್ತಿಕೊಂಡ.

ವರ್ನಾ ರೈಲನ್‌ನ ಕ್ಷಮೆ ಕೇಳಿದಳು, ಬಸ್ಸಿನಲ್ಲಿ, ಎಲ್ಲರ ಎದುರಿಗೇ. ಅವನು ಕಿಟಕಿಯ ಕಡೆ ಮುಖ ಮಾಡಿ "ಪರ್ವಾಗಿಲ್ಲ" ಎಂದ. ಆ ಪರವಾಗಿಲ್ಲದ ಒಳಗೆ ಏನಿತ್ತು ಎಂದು ತಿಳಿಯಲು ಯಾರ ಮಗಳೂ ಬೇಕಿರಲಿಲ್ಲ.

ಆಮೇಲೆ ಅವಳು ಪಟ್ಟು ಹಿಡಿದು ಕಲಿಯತೊಡಗಿದಳು. ಮಕ್ಕಳು ಫೋನಿನಲ್ಲಿ ನೋಡುವ ವಿಡಿಯೊಗಳನ್ನು ಮನೆಯಲ್ಲಿ ಕೂತು ನೋಡುವಳು. ಬೆಳಿಗ್ಗೆ ಬಂದು ನನ್ನ ಮೇಲೆ ಪ್ರಯೋಗ ಮಾಡುವಳು.

"ಜೋನಿ, ಈ ಕಾಫಿ ಗ್ಯಾಸ್, ನೋ ಕ್ಯಾಪ್, ಮಾಡಿದವನು ಬೇಯಿಸಿದಾನೆ, ತಿಂದಾಕಿದಾನೆ, ಒಂದು ಚೂರೂ ಬಿಟ್ಟಿಲ್ಲ."

"ಮದುವೆ ಊಟಾನ ಒಂದೇ ಚಮಚದಲ್ಲಿ ಎತ್ತಿ ಬಾಯಿಗಿಟ್ಟ ಹಾಗಿದೆ ಕಣೇ."

"ಒಂದೂ ತಪ್ಪಿಲ್ಲವಲ್ಲ?"

"ತಪ್ಪಿಲ್ಲ. ಆದ್ರೆ ಹಾಗಲ್ಲ."

ಹಾಗಲ್ಲ ಎಂದರೆ ಹೇಗೆ ಎಂದು ಹೇಳಲು ನನಗೂ ಬರಲಿಲ್ಲ.

ಮಕ್ಕಳಿಗೆ ಇದು ಹಬ್ಬವಾಯಿತು. ಟೇಗನ್ ಬಹಳ ಗಂಭೀರವಾಗಿ, "ಮಿಸ್ ವರ್ನಾ, ಈಗ ಯಾರೂ ಥ್ಯಾಂಕ್ಸ್ ಅನ್ನಲ್ಲ, ಗ್ಲೋಂಕ್ ಅಂತಾರೆ" ಎಂದು ಹೇಳಿಕೊಟ್ಟಳು. ಆ ಪದ ಅವಳು ಅಲ್ಲೇ ಕೂತು ಹುಟ್ಟಿಸಿದ್ದು. ಮಾರನೆಯ ದಿನ ವರ್ನಾ ರೇಡಿಯೊದಲ್ಲಿ, "ಜೋನಿ, ದಾರಿ ಬಿಟ್ಟಿದ್ದಕ್ಕೆ ಗ್ಲೋಂಕ್" ಎಂದಳು. ಊರಿನ ಅಷ್ಟೂ ಬಸ್ಸುಗಳಲ್ಲಿ ಅದು ಕೇಳಿಸಿತು. ಅವಳ ಬಸ್ಸಿನ ಮಕ್ಕಳು ಸೀಟಿನಿಂದ ಕೆಳಗೆ ಉರುಳಿದರು. ಅದು ಸುಳ್ಳು ಪದ ಎಂದು ನಾನೇ ಅವಳಿಗೆ ಹೇಳಬೇಕಾಯಿತು. ಆದರೆ ಕೆಲವು ದಿನ ಕಳೆದ ಮೇಲೆ ನನ್ನ ಬಸ್ಸಿನಲ್ಲೂ ಒಬ್ಬ ಹುಡುಗ ಇಳಿಯುವಾಗ "ಗ್ಲೋಂಕ್" ಎಂದು ಹೋದ. ಅದನ್ನು ವರ್ನಾಗೆ ಹೇಳಿದರೆ ಅವಳ ಕಣ್ಣು ಕಿರಿದಾದವು. "ನೋಡಿದ್ಯಾ? ಪದ ಮೊದ್ಲಿಂದ ಇತ್ತು. ಸುಳ್ಳು ಪದ ಅಂತ ಹೇಳಿದ್ಯಲ್ಲ, ಅದೇ ಸುಳ್ಳು."

ಫೆಬ್ರವರಿಯಲ್ಲಿ, ದೊಡ್ಡ ಸರೋವರದ ಕಡೆಯಿಂದ ಬರುವ ಗಾಳಿಗೆ ಬಸ್ಸಿನ ಬಾಗಿಲು ಹೆಪ್ಪುಗಟ್ಟುವ ದಿನಗಳಲ್ಲಿ, ಟೇಗನ್ ಸುಮ್ಮನಾದಳು.

ಡ್ರೈವರಿನ ಹಿಂದಿನ ಸೀಟು ಬಿಟ್ಟು ನಡುವೆ ಎಲ್ಲೋ ಒಬ್ಬಳೇ ಕೂರತೊಡಗಿದಳು. ಫೋನನ್ನು ಕೋಟಿನ ಒಳಗೆ ಮರೆಮಾಡಿಕೊಂಡು ನೋಡುವಳು, ತನ್ನಷ್ಟಕ್ಕೆ ನಗುವಳು. ಹೇಗಿದ್ದೀಯ ಎಂದರೆ, "ನಾನು ಚೆನ್ನಾಗಿದ್ದೇನೆ, ಥ್ಯಾಂಕ್ಯೂ" ಎಂದು ದೊಡ್ಡವರಂತೆ ಉತ್ತರಿಸುವಳು. ಬ್ಯಾಗಿನ ಜಿಪ್ಪಿನಲ್ಲಿ ಕಪ್ಪೆ ಇರಲಿಲ್ಲ.

"ಏನೋ ಇದೆ" ಎಂದಳು ವರ್ನಾ.

"ನಿಂಗೆ ಯಾವಾಗ್ಲೂ ಏನೋ ಇರುತ್ತೆ" ಎಂದೆ ನಾನು.

ಅವಳು ಓಡಮ್‌ನ ಹತ್ತಿರವೂ ಹೋದಳು. ಅವನು ಕುರ್ಚಿಯಿಂದ ಏಳಲಿಲ್ಲ. "ಈ ಸಲ ಏನು ವರ್ನಾ ಅವ್ರೆ, ಆಮೆನಾ?" ಎಂದು ಕೇಳಿದ. ಆಫೀಸಿನ ಗುಮಾಸ್ತೆ ಕಿಸಕ್ಕನೆ ನಕ್ಕಳು. ಹುಡುಗಿ ಸಭ್ಯವಾಗಿ ಮಾತಾಡುತ್ತಿದ್ದಾಳೆ ಎಂದು ದೂರು ಕೊಡುವುದು ಹೇಗೆ? ವರ್ನಾ ತಿರುಗಿ ಬಂದಳು.

ಕೊನೆಗೆ ಮಾತು ತಂದವನು ರೈಲನ್. ಕಪ್ಪೆಯ ದಿನದಿಂದ ಅವಳ ಜೊತೆ ಮಾತು ಬಿಟ್ಟಿದ್ದವನು ಅವತ್ತು ತನ್ನ ಸ್ಟಾಪ್ ಬಂದರೂ ಇಳಿಯದೆ ಬಾಗಿಲ ಬಳಿ ನಿಂತ.

"ಮಿಸ್ ವರ್ನಾ, ನೀವು ಎಲ್ಲದ್ರಲ್ಲೂ ಅನುಮಾನ ಪಡ್ತೀರಲ್ಲ."

"ಅದಕ್ಕೇನೀಗ?"

"ಇದ್ರಲ್ಲೂ ಸ್ವಲ್ಪ ಪಡಿ."

ಫೋನು ಮುಂದೆ ಹಿಡಿದ. ಟೇಗನ್ ಒಂದು ಆಟದ ಆ್ಯಪ್‌ನಲ್ಲಿ ಜೇಸ್ ಎಂಬ ಹುಡುಗನ ಪರಿಚಯ ಮಾಡಿಕೊಂಡಿದ್ದಳು. ಹದಿನಾರು ವರ್ಷ, ಪಕ್ಕದ ಕೌಂಟಿಯ ಹೈಸ್ಕೂಲು, ಹಾಕಿ ಆಡುತ್ತಾನೆ. ಎಷ್ಟು ತಮಾಷೆಯಾಗಿ ಬರೆಯುತ್ತಾನೆ ನೋಡು ಎಂದು ಜಂಬಕ್ಕೆ ಅವನ ಒಂದು ಮೆಸೇಜನ್ನು ರೈಲನ್‌ಗೆ ಕಳಿಸಿದ್ದಳು. ಆಮೇಲೆ ಟೇಗನ್ ಮತ್ತು ರೈಲನ್ ನಡುವೆ ಮಾತು ನಿಂತಿತ್ತು. ಕಪ್ಪೆ ಚಿಕ್ಕ ಮಕ್ಕಳ ಸಾಮಾನು, ನೀನು ಹಾಗಲ್ಲವಲ್ಲ ಎಂದು ಜೇಸ್ ಅವಳಿಗೆ ಹೇಳಿದನಂತೆ.

ಮೆಸೇಜಿನಲ್ಲಿ ಇದ್ದದ್ದು: "ನಿನ್ನ ಇವತ್ತಿನ ಫೋಟೋ ಗ್ಯಾಸ್, ನೋ ಕ್ಯಾಪ್. ನೀನು ತಿಂದಾಕಿದೀಯ, ಒಂದು ಚೂರೂ ಬಿಟ್ಟಿಲ್ಲ. ನಾನು ಸತ್ತೆ. ಬೇರೆ ಹುಡುಗೀರು ಬೆಂದೋದ್ರು."

ವರ್ನಾ ಅದನ್ನು ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು.

"ಇದ್ರಲ್ಲಿ ತಪ್ಪು ಏನೂ ಇಲ್ಲ" ಎಂದ ರೈಲನ್. "ಎಲ್ಲಾ ಸರಿಯಾಗೇ ಇದೆ. ಆದ್ರೂ ನಂಗೆ ಏನೋ ಒಂಥರಾ ಆಗುತ್ತೆ. ನಂಗೆ ಹೊಟ್ಟೆಕಿಚ್ಚು ಇರಬಹುದು."

"ಹೊಟ್ಟೆಕಿಚ್ಚಲ್ಲ ಮರಿ. ನೀನು ಹೀಗೆ ಮಾತಾಡ್ತೀಯಾ?"

"ಇಲ್ಲ. ಅಷ್ಟೊಂದು ಒಟ್ಟಿಗೆ ಯಾರೂ ಹೇಳಲ್ಲ."

"ನಾನು ಹೇಳ್ತೀನಿ" ಎಂದಳು ವರ್ನಾ. "ಇದು ನನ್ನ ಥರ ಮನೇಲಿ ಕೂತು ಕಲಿತೋನ ಮಾತು."

ಹುಡುಗ ಅವಳ ಮುಖವನ್ನೇ ನೋಡಿದ. ಆಮೇಲೆ ಅವನ ಮುಖದ ಬಣ್ಣ ಇಳಿಯಿತು.

ಈಗ ಅವಳಿಗಿದ್ದ ಭಯ ಬೇರೆಯೇ. ಅದನ್ನು ಸಂಜೆ ನನ್ನ ಹತ್ತಿರ ಹೇಳಿಕೊಂಡಳು. "ಜೋನಿ, ಅವತ್ತೂ ನಂಗೆ ಹೀಗೇ ಅನ್ಸಿತ್ತು. ಆಮೇಲೆ ಚೀಲದಲ್ಲಿ ಏನು ಸಿಕ್ತು ನಿಂಗೆ ಗೊತ್ತು." ಇನ್ನೊಂದು ಮಗುವಿನ ಮಾನವನ್ನು ಗಾಜಿನ ಹಿಂದೆ ಹರಾಜು ಹಾಕುವುದಕ್ಕೆ ಅವಳು ತಯಾರಿರಲಿಲ್ಲ. ಹಾಗಂತ ಸುಮ್ಮನಿರುವುದಕ್ಕೂ ಅವಳ ಕಿವಿ ಬಿಡುತ್ತಿರಲಿಲ್ಲ.

ಅವಳು ಟೇಗನ್‌ಳನ್ನೇ ಕೇಳಿದಳು. ಮರುದಿನ ಸಂಜೆ, ಉಳಿದವರೆಲ್ಲ ಇಳಿದ ಮೇಲೆ.

ಹುಡುಗಿ ಸಿಡಿದುಬಿದ್ದಳು. "ರೈಲನ್ ಹೇಳಿದ್ನಾ? ನಿಮ್ಗೆ ಬೇರೆ ಕೆಲ್ಸ ಇಲ್ವಾ? ಕಪ್ಪೇಲಿ ಡ್ರಗ್ಸ್ ಹುಡುಕಿದೋರು ನೀವು!"

"ಹುಡುಕಿದೆ. ತಪ್ಪು ಮಾಡಿದೆ. ಈಗ್ಲೂ ತಪ್ಪಿರಬಹುದು."

"ತಪ್ಪೇ. ಅವನು ನಿಜವಾದ ಹುಡುಗ. ನಾನು ಫೋಟೋ ನೋಡಿದೀನಿ."

"ಹಾಗಾದ್ರೆ ಒಂದೇ ಒಂದು ಕೇಳು ಅವನನ್ನ. ಆರು ಏಳು ಅಂದ್ರೆ ಏನು ಅಂತ ಕೇಳು."

"ಅದಕ್ಕೆ ಅರ್ಥ ಇಲ್ಲ ಅಂತ ನಿಮ್ಗೆ ನೂರು ಸಲ ಹೇಳಿದೀವಿ."

"ಹೌದಲ್ಲ. ಅವನೂ ಹಾಗೇ ಹೇಳಿದ್ರೆ ನಾನು ನಿನ್ನ ತಂಟೆಗೇ ಬರಲ್ಲ."

ಟೇಗನ್ ಬಾಗಿಲನ್ನು ಒದ್ದುಕೊಂಡೇ ಇಳಿದಳು. ನಾಳೆ ಅವಳಮ್ಮನ ಹತ್ತಿರ ಹೋಗುವುದೇ ಸರಿ, ಬೈದರೆ ಬೈಯಲಿ ಎಂದು ವರ್ನಾ ಆಗಲೇ ತೀರ್ಮಾನ ಮಾಡಿದ್ದಳು.

ಮರುದಿನ ಬೆಳಿಗ್ಗೆ ಟೇಗನ್ ಹತ್ತಿ ಬಂದು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಳು. ಕಣ್ಣು ಊದಿತ್ತು. ಬಸ್ಸು ಶಾಲೆಯ ಮುಂದೆ ನಿಂತು ಎಲ್ಲರೂ ಇಳಿದರೂ ಅವಳು ಏಳಲಿಲ್ಲ. ಮಾತಾಡದೆ ಫೋನನ್ನು ವರ್ನಾಳ ಕೈಗೆ ಕೊಟ್ಟಳು. ಜೇಸ್ ಉತ್ತರ ಬರೆದಿದ್ದ. ಪರದೆ ತುಂಬುವಷ್ಟು ಉದ್ದದ ಉತ್ತರ. ಆರು ಏಳು ಎನ್ನುವುದು ಎಲ್ಲಿಂದ ಶುರುವಾಯಿತು, ಕೈಯನ್ನು ಹಾಗೇಕೆ ಆಡಿಸುತ್ತಾರೆ, ಅಷ್ಟೇನೂ ಚೆನ್ನಾಗಿಲ್ಲ, ಅಷ್ಟೇನೂ ಕೆಟ್ಟದಾಗಿಲ್ಲ ಎಂಬರ್ಥದಲ್ಲಿ ಇದನ್ನು ಬಳಸಬಹುದು, ಎಲ್ಲವನ್ನೂ ಅಚ್ಚುಕಟ್ಟಾಗಿ ವಿವರಿಸಿದ್ದ.

"ಯಾವ ಹುಡುಗನೂ ಇದನ್ನ ಎಕ್ಸ್‌ಪ್ಲೇನ್ ಮಾಡಲ್ಲ" ಎಂದಳು ಟೇಗನ್. "ನಮ್ಮಪ್ಪ ಹೀಗೆ ಬರೀತಾನೆ. ಮಿಸ್ ವರ್ನಾ, ಶನಿವಾರ ಬೌಲಿಂಗ್ ಆ್ಯಲಿಗೆ ಬಾ ಅಂದಿದಾನೆ. ಅಮ್ಮಂಗೆ ಹೇಳ್ಬೇಡ ಅಂದಿದಾನೆ."

ವರ್ನಾ ಅವಳನ್ನು ತಬ್ಬಿಕೊಳ್ಳಲಿಲ್ಲ. ಅದು ಅವಳ ಜಾಯಮಾನವಲ್ಲ. ಹೀಟರಿನ ಗುಂಡಿ ಇನ್ನೊಂದು ಸುತ್ತು ತಿರುಗಿಸಿ, "ಈಗ ನಿಮ್ಮಮ್ಮಂಗೆ ಫೋನ್ ಮಾಡೋಣ. ನೀನು ಮಾಡ್ತೀಯೋ, ನಾನು ಮಾಡ್ಲೋ?" ಎಂದಳು.

ಈ ಸಲ ಅವಳು ರೇಡಿಯೊ ಮುಟ್ಟಲಿಲ್ಲ, ಶಾಲೆಯ ಆಫೀಸಿಗೂ ಹೋಗಲಿಲ್ಲ. ತಾಯಿ ಮಗಳನ್ನು ಕರೆದುಕೊಂಡು, ತಾನು ಫೋನಿನ ಕೋಣೆಯಲ್ಲಿದ್ದಾಗಿನಿಂದ ಬಲ್ಲ ಪೊಲೀಸ್ ಡೆಪ್ಯುಟಿ ಸ್ಟೋಲ್‌ನ ಬಳಿ ಹೋದಳು. ಅವನು ಫೋನಿನಲ್ಲಿದ್ದ ಮೆಸೇಜುಗಳನ್ನೆಲ್ಲ ಓದಿದ. "ಶನಿವಾರ ಯಾರೂ ಆ ಕಡೆ ಸುಳೀಬೇಡಿ. ವರ್ನಾ, ನಿಂಗೇ ಹೇಳ್ತಿರೋದು" ಎಂದ.

ಶನಿವಾರ ಮಧ್ಯಾಹ್ನ ನಾನು ಮತ್ತು ವರ್ನಾ ಬೌಲಿಂಗ್ ಆ್ಯಲಿಯಲ್ಲಿದ್ದೆವು. ನಾನು ಬೇಡವೆಂದೆ. ನಾವಿಬ್ಬರು ಮುದುಕಿಯರು ಚೆಂಡು ಉರುಳಿಸಿದರೆ ಯಾರಿಗೆ ಅನುಮಾನ ಬರುತ್ತದೆ ಎಂದು ಅವಳು ನನ್ನನ್ನು ಎಳೆದುಕೊಂಡೇ ಹೋದಳು. ಒಳಗೆ ಯಾವುದೋ ಮಗುವಿನ ಹುಟ್ಟುಹಬ್ಬ, ಬಲೂನು, ಪಿಜ್ಜಾದ ವಾಸನೆ. ಸ್ಟೋಲ್ ಸಾದಾ ಬಟ್ಟೆಯಲ್ಲಿ, ಬಾಡಿಗೆ ಬೂಟು ಹಾಕಿಕೊಂಡು ಕೊನೆಯ ಲೇನಿನಲ್ಲಿ ಆಡುವವನಂತೆ ನಟಿಸುತ್ತಿದ್ದ. ನಮ್ಮನ್ನು ನೋಡಿ ಅವನ ದವಡೆ ಬಿಗಿಯಿತು.

ಅಲ್ಲಿದ್ದ ಗಂಡಸರೆಲ್ಲ ನನಗೆ ಜೇಸ್‌ನಂತೆಯೇ ಕಂಡರು. ಬಲೂನು ಊದುತ್ತಿದ್ದ ಅಪ್ಪ, ಬೂಟು ಕೊಡುವವನು, ಒಬ್ಬನೇ ಕೂತು ಬಿಯರ್ ಕುಡಿಯುತ್ತಿದ್ದ ಮುದುಕ. ವರ್ನಾಳ ಜೀವನವೆಲ್ಲ ಹೀಗೇ ಇತ್ತೇನೋ ಎಂದು ಅನಿಸಿ ನನಗೆ ಅವಳ ಬಗ್ಗೆ ಮರುಕ ಹುಟ್ಟಿತು.

ಆಮೇಲೆ ಒಬ್ಬ ಬಂದ. ನಲವತ್ತು ದಾಟಿರಬೇಕು. ಹುಡುಗರು ಹಾಕುವಂಥ ಹೂಡಿ, ಹೊಚ್ಚ ಹೊಸ ಸ್ನೀಕರ್ಸ್, ಗಡ್ಡದಲ್ಲಿ ಬಿಳಿ. ತಿಂಡಿಯ ಕೌಂಟರಿನಲ್ಲಿ ನಾಚೋಸ್ ಹೇಳಿ, ತಿನ್ನದೆ, ಬಾಗಿಲನ್ನೇ ನೋಡುತ್ತಾ ಕೂತ. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟ. ವರ್ನಾ ಚೆಂಡು ಕೈಯಲ್ಲಿ ಹಿಡಿದೇ ನಿಂತಳು.

ಸ್ಟೋಲ್ ಕೋಕ್ ಕೊಳ್ಳುವವನಂತೆ ಅವನ ಪಕ್ಕ ಹೋಗಿ ನಿಂತು, ತನ್ನ ಫೋನಿನಲ್ಲಿ ಏನೋ ಒತ್ತಿದ. ಆ ಸೂಚನೆ ಸಿಕ್ಕ ಕೂಡಲೇ ಟೇಗನ್‌ಳ ಮನೆಯಲ್ಲಿ, ಅವಳಮ್ಮನ ಪಕ್ಕ ಕೂತ ಇನ್ನೊಬ್ಬ ಅಧಿಕಾರಿ ಟೇಗನ್‌ಳ ಫೋನಿನಿಂದ "ಬಂದೆ, ಎಲ್ಲಿದೀಯ" ಎಂದು ಕಳಿಸಿದನಂತೆ. ಮೇಜಿನ ಮೇಲೆ ಮಗುಚಿದ್ದ ಫೋನು ಗುಂಯ್‌ಗುಟ್ಟಿ ನಾಚೋಸ್ ತಟ್ಟೆಯನ್ನು ಅಲುಗಿಸಿತು. ಅವನು ಅದನ್ನು ತಿರುಗಿಸಿ ನೋಡಿ ಮುಗುಳ್ನಕ್ಕ. ಆ ನಗುವನ್ನು ನಾನು ಇನ್ನೂ ಮರೆತಿಲ್ಲ.

"ಯಾರನ್ನ ಕಾಯ್ತಿದೀರಾ ಸಾರ್?" ಎಂದು ಸ್ಟೋಲ್ ಕೇಳಿದ.

"ನನ್ನ ಅಕ್ಕನ ಮಗಳನ್ನ."

"ಏನು ಹೆಸರು ಮಗೂದು?"

ಅವನಿಗೆ ತಕ್ಷಣ ಹೆಸರು ಹೊಳೆಯಲಿಲ್ಲ. ಅಷ್ಟು ಸಾಕಾಯಿತು. ಹುಟ್ಟುಹಬ್ಬದ ಮಕ್ಕಳಿಗೆ ಗೊತ್ತಾಗದ ಹಾಗೆ ಅವನನ್ನು ಹಿಂಬಾಗಿಲಿನಿಂದ ಕರೆದುಕೊಂಡು ಹೋದರು. ಅವನ ಫೋನಿನಲ್ಲಿ ಜೇಸ್ ಒಬ್ಬನೇ ಇರಲಿಲ್ಲವಂತೆ, ಬೇರೆ ಹೆಸರಿನ ಹುಡುಗರೂ ಇದ್ದರಂತೆ. ಅವರ ಜೊತೆ ಮಾತಾಡುತ್ತಿದ್ದ ಹುಡುಗಿಯರೂ ಇದ್ದರಂತೆ. ಈಗ ಅವನು ಜೈಲಿನಲ್ಲಿದ್ದಾನೆ.

ವರ್ನಾ ಚೆಂಡನ್ನು ನಿಧಾನವಾಗಿ ಕೆಳಗಿಟ್ಟಳು. "ಇವನು ನೋಡಿದ ವಿಡಿಯೊಗಳನ್ನೇ ನಾನೂ ನೋಡಿರ್ತೀನಿ, ಅಲ್ವೇನೇ?" ಎಂದಳು. ನಾನು ಅವಳನ್ನು ಹೊರಗೆ ಕರೆದುಕೊಂಡು ಹೋದೆ.

ಇದಾದ ಮೇಲೆ ಎಲ್ಲರೂ ಅವಳನ್ನು ಹೊಗಳಿದರು. ಓಡಮ್ ಯಾರ್ಡಿಗೇ ಬಂದು ಕೈ ಕುಲುಕಿದ. ಹೊಸ ಡ್ರೈವರುಗಳಿಗೆ ಮಕ್ಕಳ ಭಾಷೆಯ ಬಗ್ಗೆ ಪಾಠ ಮಾಡಿ ಎಂದು ಕೇಳಿದ. ವರ್ನಾ ಒಪ್ಪಲಿಲ್ಲ. "ಒಂದ್ಸಲ ತಪ್ಪಾಗಿ ಕೇಳಿಸ್ಕೊಂಡೆ, ಒಂದ್ಸಲ ಸರಿಯಾಗಿ ಕೇಳಿಸ್ಕೊಂಡೆ. ಎರಡು ಸಲಾನೂ ನಂಗೆ ಒಂದೇ ಥರ ಅನ್ಸಿತ್ತು. ಇದ್ರಲ್ಲಿ ಏನು ಪಾಠ ಮಾಡ್ಲಿ?"

ಟೇಗನ್ ಕೆಲವು ವಾರ ಬಸ್ಸಿಗೆ ಬರಲಿಲ್ಲ, ಅಮ್ಮ ಕಾರಿನಲ್ಲಿ ಬಿಡುತ್ತಿದ್ದಳು. ತಿರುಗಿ ಬಂದಾಗ ಕೊನೆಯ ಸೀಟಿಗೆ ಹೋಗಿ ಕೂತಳು. ಫೋನು ಹೋಗಿತ್ತು, ಗೆಳತಿಯರ ಪಿಸುಮಾತು ಬೆನ್ನಿಗಿತ್ತು. ಒಂದು ಸಂಜೆ ಇಳಿಯುವಾಗ, "ನಿಮ್ಮಿಂದ ಒಳ್ಳೇದಾಯ್ತು ಅಂತ ಎಲ್ರೂ ಹೇಳ್ತಾರೆ. ನಂಗಿನ್ನೂ ಹಾಗನ್ಸಿಲ್ಲ" ಎಂದಳು. ವರ್ನಾಗೆ ಆ ಮಾತು ಬೇಜಾರು ತರಲಿಲ್ಲ. ಎಷ್ಟೋ ತಿಂಗಳ ಮೇಲೆ ಯಾರೋ ಒಬ್ಬರು ಒಳಗಿದ್ದದ್ದನ್ನೇ ಹೊರಗೆ ಹೇಳಿದ್ದು ಎಂದು ನನ್ನ ಬಳಿ ಹೇಳಿದಳು. ರೈಲನ್ ಮಾತ್ರ ಈಗ ಟೇಗನ್‌ಳ ಪಕ್ಕ ಕೂರುತ್ತಾನೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ.

ವರ್ನಾ ಇನ್ನೂ ಬಸ್ಸು ಓಡಿಸುತ್ತಿದ್ದಾಳೆ. ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ನೋಡುತ್ತಲೇ ಇರುತ್ತಾಳೆ. ಯಾರ ತುಟಿ ಅಲುಗಿದರೂ ಅವಳ ತಲೆ ಆ ಕಡೆ ವಾಲುತ್ತದೆ.

ಮೊನ್ನೆ ಅವಳ ಹುಟ್ಟುಹಬ್ಬಕ್ಕೆ ನಾನು ಒಂದು ಕೇಕಿನ ಚಿತ್ರ, ಎರಡು ಸಾಲು ಶುಭಾಶಯ ಕಳಿಸಿದೆ. ಕೂಡಲೇ ಫೋನ್ ಬಂತು.

"ಇದು ನೀನೇ ಬರೆದಿದ್ದಾ?"

"ನಾನೇ ಕಣೇ. ಇನ್ಯಾರು ಬರೀತಾರೆ?"

"ನೀನು 'ಪ್ರೀತಿಯ' ಅಂತ ಯಾವತ್ತೂ ಬರೆದವಳಲ್ಲ."

"ವಯಸ್ಸಾಯ್ತು, ಬರೆದೆ."



"ಮನೇಲೇ ಇರು" ಎಂದಳು. "ಬಂದು ನೋಡ್ತೀನಿ."

ಬಂದಳು. ಕೈಯಲ್ಲಿ ಚೆರ್ರಿ ಪೈ ಇತ್ತು. ನಾನು ಒಲೆಯ ಮೇಲೆ ಕಾಫಿ ಇಟ್ಟೆ.